ಮೊದಲ ಸಸ್ಪೆನ್ಷನ್ ಬದಲಾವಣೆ: ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಅಥವಾ ಕಾಯಿಲೋವರ್?

ಚಿಕ್ಕಮಗಳೂರಿನ ಸುತ್ತ ಓಡಾಡುವ ಕಾರಿನ ಸಸ್ಪೆನ್ಷನ್ (ಚಕ್ರಕ್ಕೂ ಕಾರಿನ ಒಡಲಿಗೂ ನಡುವೆ ನಿಂತು ರಸ್ತೆಯ ಕುಲುಕನ್ನು ತಡೆಯುವ ವ್ಯವಸ್ಥೆ) ಬದಲಿಸಲು ಮೊದಲ ಬಾರಿಗೆ ಹೊರಟವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ಮೂಲ ಸ್ಪ್ರಿಂಗ್ ಉಳಿಸಿಕೊಂಡು ಸ್ಪ್ರಿಂಗಿನ ಪುಟಿತವನ್ನು ಅಡಗಿಸುವ ಉತ್ತಮ ಗ್ಯಾಸ್ ಶಾಕ್ ಅಬ್ಸಾರ್ಬರ್ ಹಾಕಿಸುವುದು, ಕಾರನ್ನು ತಗ್ಗಿಸುವ ಬಿಗಿ ಸ್ಪ್ರಿಂಗ್ ಹಾಕಿಸುವುದು, ಇಲ್ಲವೇ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಾಗಿರುವ, ಎತ್ತರವನ್ನು ಹೊಂದಿಸಬಹುದಾದ ಕಾಯಿಲೋವರ್ ಕೊಳ್ಳುವುದು.

ಖರ್ಚಿನಲ್ಲಿ ಸ್ಪ್ರಿಂಗ್ ಸಾಮಾನ್ಯವಾಗಿ ಅಗ್ಗ, ಕಾಯಿಲೋವರ್ ದುಬಾರಿ. ಆದರೆ ಬಿಗಿ ಸ್ಪ್ರಿಂಗಿನ ಪುಟಿತವನ್ನು ಅಡಗಿಸುವ ಹೊರೆ ಹಳೆಯ ಶಾಕ್ ಅಬ್ಸಾರ್ಬರಿನ ಮೇಲೆಯೇ ಬೀಳುವುದರಿಂದ ಅದು ಬೇಗ ಸವೆಯಬಹುದು. ಆಗ ಉಳಿಸಿದ ಹಣ ಅಲ್ಲಿಗೇ ಸಲ್ಲುತ್ತದೆ.

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕಾರು ವಾಲುವ ಪ್ರಮಾಣವನ್ನು ಕಡಿಮೆ ಮಾಡುವುದು ಬಿಗಿ ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ವಾಲುವ ವೇಗವನ್ನಷ್ಟೇ ತಗ್ಗಿಸುತ್ತದೆ, ಆದರೂ ರಸ್ತೆಗುಂಡಿ ದಾಟಿದ ಮೇಲೆ ಚಕ್ರವನ್ನು ರಸ್ತೆಗೆ ಕಚ್ಚಿಸಿ ಹಿಡಿಯುವುದು ಅದೇ. ಕಾಫಿ ತೋಟದ ಕಲ್ಲುದಾರಿಯಲ್ಲಿ ತಗ್ಗಿದ ಕಾರಿನ ತಳ ತಗಲುವುದು ಬಹುತೇಕ ಖಚಿತ. ಮಲೆನಾಡಿನ ಮಳೆಗಾಲದಲ್ಲಿ ಕಾಯಿಲೋವರಿನ ಎತ್ತರ ಹೊಂದಿಸುವ ತಿರುಪಿನ ಥ್ರೆಡ್ಡಿಗೆ ಕೆಸರು ಕೂತು ತುಕ್ಕು ಹಿಡಿದರೆ ಅದನ್ನು ತಿರುಗಿಸುವುದೇ ಕಷ್ಟವಾಗುತ್ತದೆ.

ಆದ್ದರಿಂದ ತೋಟಕ್ಕೂ ಪೇಟೆಗೂ ಒಂದೇ ಕಾರು ಇರುವವರಿಗೆ ಶಾಕ್ ಅಬ್ಸಾರ್ಬರ್ ಹೊಂದುತ್ತದೆಂದು ನನ್ನ ದೃಢ ಅಭಿಪ್ರಾಯ. ಹಾಸನ–ಬೆಂಗಳೂರು ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರು ಸ್ಪ್ರಿಂಗನ್ನು ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರಿನೊಂದಿಗೇ ಪರಿಗಣಿಸಬಹುದು. ರೇಸ್ ಟ್ರ್ಯಾಕಿಗೆ ಹೋಗುವವರಿಗೆ, ನಿಯಮಿತವಾಗಿ ಶುಚಿಗೊಳಿಸುವ ತಾಳ್ಮೆಯಿದ್ದರೆ, ಕಾಯಿಲೋವರ್ ಸೂಕ್ತ. ಯಾವುದನ್ನು ಹಾಕಿಸಿದರೂ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಲೇಬೇಕು.