850 ಪೌಂಡಿಗೆ ಕೊಂಡ ಕ್ರೌನ್: ಹಳೇ ಬ್ರಿಟಿಷ್ ಬೆಳ್ಳಿ ನಾಣ್ಯ ಕೊಳ್ಳುವವರೇ, ಮೊದಲು ಅಂಚು ನೋಡಿ

ಹೋದ ನವೆಂಬರಿನಲ್ಲಿ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಹೋಟೆಲಿನಲ್ಲಿ ನಡೆದ ನಾಣ್ಯ ಮೇಳದಲ್ಲಿ 1845ರ ವಿಕ್ಟೋರಿಯಾ ಕ್ರೌನ್ ಒಂದನ್ನು 850 ಪೌಂಡ್ ಕೊಟ್ಟು ಕೊಂಡೆ. ಮೂರು ವಾರದ ನಂತರ ಇನ್ನೊಬ್ಬ ವ್ಯಾಪಾರಿ ಅದಕ್ಕೆ 70 ಪೌಂಡ್ ಕೊಡುತ್ತೇನೆ ಎಂದರು. ಅದೂ ಬೆಳ್ಳಿಯ ತೂಕ ಮತ್ತು ಅಲ್ಪಸ್ವಲ್ಪ ಚಂದ ನೋಡಿ ಕೊಟ್ಟ ಬೆಲೆ. ಈ ದೇಶಕ್ಕೆ ಬಂದು ಈ ಹವ್ಯಾಸ ಹಿಡಿದಿರುವ ನಮ್ಮವರು ಕೆಲವರನ್ನು ಬಲ್ಲೆ. ಅವರ ದುಡ್ಡಾದರೂ ಉಳಿಯಲಿ ಎಂದು ಆದದ್ದನ್ನು ಆದ ಹಾಗೇ ಬರೆಯುತ್ತಿದ್ದೇನೆ.

ಕ್ರೌನ್ ಎಂದರೆ ಐದು ಶಿಲಿಂಗಿನ ನಾಣ್ಯ, ಹಳೇ ಲೆಕ್ಕದಲ್ಲಿ ಪೌಂಡಿನ ಕಾಲು ಭಾಗ. ತೂಕ 28.28 ಗ್ರಾಂ, ಶೇ. 92.5 ಬೆಳ್ಳಿ. ಅಂಗೈ ಮೇಲಿಟ್ಟರೆ ಭಾರ ಗೊತ್ತಾಗುತ್ತದೆ. ವಿಲಿಯಂ ವಯಾನ್ ಕೆತ್ತಿದ ತರುಣಿ ವಿಕ್ಟೋರಿಯಾಳ ತಲೆ ಮತ್ತು ಹಿಂಬದಿಯಲ್ಲಿ ಕಿರೀಟ ಹೊತ್ತ ಗುರಾಣಿ ಇರುವ ಕ್ರೌನ್ ಚಲಾವಣೆಗೆಂದು ಬಂದದ್ದು 1844, 1845, 1847ರ ತೇದಿಗಳಲ್ಲಿ ಮಾತ್ರ. ಬಂದವು ಚೆನ್ನಾಗಿ ಕೈಯಾಡಿದವು. ಸವೆಯದೆ ಉಳಿದದ್ದು ಸಿಗುವುದು ಕಷ್ಟ, ಆದ್ದರಿಂದಲೇ ಗ್ರೇಡ್, ಅಂದರೆ ನಾಣ್ಯ ಎಷ್ಟು ಸವೆದಿದೆ ಎಂದು ಹೇಳುವ ದರ್ಜೆ, ಒಂದು ಮೆಟ್ಟಿಲು ಏರಿದರೆ ಬೆಲೆ ಹಲವು ಪಟ್ಟು ಏರುತ್ತದೆ. ಮೋಸಕ್ಕೆ ಜಾಗ ಸಿಗುವುದೂ ಅಲ್ಲೇ.

ಬ್ರಿಟಿಷ್ ಗ್ರೇಡಿಂಗಿನ ಮೆಟ್ಟಿಲುಗಳು ಹೊಸಬರನ್ನು ದಾರಿ ತಪ್ಪಿಸುತ್ತವೆ. 'ಫೈನ್' ಎಂದರೆ ಚೆನ್ನಾಗಿದೆ ಎಂದಲ್ಲ, ಸಾಕಷ್ಟು ಸವೆದಿದೆ ಎಂದು. ಅದರ ಮೇಲೆ 'ವೆರಿ ಫೈನ್', ಅಂದರೆ ವಿಎಫ್. ಅದರ ಮೇಲೆ 'ಎಕ್ಸ್‌ಟ್ರೀಮ್ಲಿ ಫೈನ್', ಇಎಫ್: ಎತ್ತರದ ಜಾಗಗಳಲ್ಲಿ ಮಾತ್ರ ತುಸು ಸವೆತ. ಅದರಾಚೆಗೆ ಚಲಾವಣೆಗೇ ಹೋಗದ ನಾಣ್ಯಗಳು. ಇಲ್ಲಿನ ಇಎಫ್ ಅದೇ ಹೆಸರಿನ ಅಮೆರಿಕದವರ ಎಕ್ಸ್‌ಎಫ್‌ಗಿಂತ ಬಿಗಿ, ಅವರ ಏಯು (ಬಹುತೇಕ ಚಲಾವಣೆಯನ್ನೇ ಕಾಣದ್ದು) ಮಟ್ಟಕ್ಕೆ ಹತ್ತಿರ. ಅಮೆರಿಕದ ವಿಡಿಯೋ ನೋಡಿ ಕಣ್ಣು ಪಳಗಿಸಿಕೊಂಡು ಬ್ರಿಟಿಷ್ ನಾಣ್ಯ ಕೊಳ್ಳಹೋದವರು ಇದನ್ನು ಗಮನಿಸಬೇಕು.

ನನ್ನ ಕ್ರೌನ್ ಇದ್ದ ರಟ್ಟಿನ ಚೌಕದ ಮೇಲೆ ಪೆನ್ಸಿಲಿನಲ್ಲಿ 'ಇಎಫ್' ಎಂದಿತ್ತು. ನಾಣ್ಯ ಥಳಥಳ ಹೊಳೆಯುತ್ತಿತ್ತು. ಮಾರಿದವರು ವಯಸ್ಸಾದವರು, ಮಾತು ಮೃದು. "ನೂರೆಂಬತ್ತು ವರ್ಷದ ನಾಣ್ಯ ಹೀಗೆ ಹೊಳೆಯುವುದನ್ನು ಎಲ್ಲಿ ನೋಡಿದ್ದೀರಿ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇತ್ತು, ಆದರೆ ಆಗ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಜ್ಜಿ ಡಬ್ಬಿಯಿಂದ ಎಡ್ವರ್ಡನ ತಲೆಯ ಬೆಳ್ಳಿ ರೂಪಾಯಿಗಳನ್ನು ತೆಗೆದು ವಿಭೂತಿ ಹಾಕಿ ತಿಕ್ಕುತ್ತಿದ್ದರು. ಕಪ್ಪು ಹೋಗಿ ಕನ್ನಡಿಯಂತಾಗುತ್ತಿದ್ದವು. ಪೂಜೆಗೆ ಅದು ಸರಿ, ದೇವರ ಮುಂದೆ ಮಾಸಿದ್ದನ್ನು ಇಡಲಾಗದು. ಆದರೆ ಬೆಳ್ಳಿ ಹೊಳೆದರೆ ಒಳ್ಳೆಯದು ಎಂಬ ನಂಬಿಕೆ ಕಣ್ಣಲ್ಲೇ ಕೂತುಬಿಟ್ಟಿತ್ತು.

ಹಳೇ ಬೆಳ್ಳಿ ಗಾಳಿಯಲ್ಲಿನ ಗಂಧಕದ ಅಂಶ ತಗುಲಿ ಬೂದಿ, ಕಂದು, ಕೆಲವೊಮ್ಮೆ ನೀಲಿ ಬಣ್ಣಕ್ಕೆ ತಿರುಗುವುದು ಸಹಜ. ಸಂಗ್ರಹಕಾರರು ಬೆಲೆ ಕೊಡುವುದು ಆ ಪದರಕ್ಕೆ ಮತ್ತು ಅದರಡಿಯ ಮೂಲ ಹೊಳಪಿಗೆ. ಅಚ್ಚು ಒತ್ತುವಾಗ ಲೋಹ ಹರಿದು ಉಂಟಾದ ಸೂಕ್ಷ್ಮ ಗೆರೆಗಳೇ ಮೂಲ ಹೊಳಪಿನ ಗುಟ್ಟು. ಒಂದೇ ದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ಓರೆ ಮಾಡಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಗಾಡಿಯ ಚಕ್ರದ ಅರಗಳಂತೆ ಸುತ್ತುತ್ತವೆ. ಪುಡಿ ಹಾಕಿ ತಿಕ್ಕಿದರೆ ಆ ಗೆರೆಗಳು ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ. ನನ್ನ ನಾಣ್ಯ ಸ್ಟೀಲ್ ಚಮಚದ ಹಾಗೆ ಒಟ್ಟಿಗೇ ಹೊಳೆಯುತ್ತಿತ್ತು, ಪಟ್ಟಿ ಸುತ್ತುತ್ತಿರಲಿಲ್ಲ. ಹತ್ತು ಪಟ್ಟಿನ ಲೆನ್ಸಿನಲ್ಲಿ ರಾಣಿಯ ಕೆನ್ನೆಯ ಮೇಲೆ ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಪಾಲಿಶಿನ ಬಿಳಿ ಪುಡಿ. ಕಿವಿಯ ಮೇಲಿನ ಕೂದಲು ಎಳೆಎಳೆಯಾಗಿ ಕಾಣಬೇಕಿತ್ತು. ಅದು ಒಂದೇ ಮುದ್ದೆಯಾಗಿತ್ತು. ಅಷ್ಟಕ್ಕೇ ಅದು ಇಎಫ್ ಅಲ್ಲ.

ಇದೆಲ್ಲ ಮನೆಗೆ ಬಂದ ಮೇಲೆ ಕಂಡದ್ದು. ಮೇಳದಲ್ಲಿ ಜನ, ಗದ್ದಲ, ತಲೆಯ ಮೇಲೆ ಟ್ಯೂಬ್‌ಲೈಟ್. ಬೆಳಕು ಎಲ್ಲ ಕಡೆಯಿಂದ ಬಿದ್ದರೆ ಗೀರು ಕಾಣುವುದೇ ಇಲ್ಲ. ಈಗ ಕಿಸೆಯಲ್ಲಿ ಸಣ್ಣ ಟಾರ್ಚ್ ಇಟ್ಟುಕೊಂಡೇ ಹೋಗುತ್ತೇನೆ.

ಹೊಟ್ಟೆ ಉರಿಸಿದ್ದು ಅಂಚು. ಈ ಕ್ರೌನಿನ ಅಂಚಿನ ಸುತ್ತ ಉಬ್ಬಕ್ಷರದಲ್ಲಿ 'ಡೆಕಸ್ ಎಟ್ ಟುಟಾಮೆನ್' ಎಂಬ ಲ್ಯಾಟಿನ್ ಮಾತು ಇರುತ್ತದೆ: ಅಲಂಕಾರವೂ ಹೌದು, ಕಾವಲೂ ಹೌದು ಎಂದರ್ಥ. ಅದರ ಮುಂದೆ ರಾಣಿ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಎಂಬುದು ರೋಮನ್ ಅಂಕಿಯಲ್ಲಿ, 1845ರದಕ್ಕೆ ಎಂಟು. ಅಂಚು ಕತ್ತರಿಸಿ ಬೆಳ್ಳಿ ಕದಿಯುವವರನ್ನು ತಡೆಯಲು 1662ರಲ್ಲಿ ಎರಡನೇ ಚಾರ್ಲ್ಸನ ಕ್ರೌನ್‌ಗಳ ಮೇಲೆ ಬಂದ ಮಾತು ಅದು. 1983ರ ದುಂಡನೆಯ ಪೌಂಡ್ ನಾಣ್ಯದ ಅಂಚಿನಲ್ಲೂ ಇತ್ತು, ಇಲ್ಲಿದ್ದವರು ಕೈಯಲ್ಲಿ ಹಿಡಿದಿರುತ್ತೀರಿ. ನನ್ನ ನಾಣ್ಯದಲ್ಲಿ ರಾಣಿಯ ತಲೆಯ ನೇರ ಮೇಲೆ, ಗಡಿಯಾರದ ಹನ್ನೆರಡು ಗಂಟೆಯ ಜಾಗದಲ್ಲಿ, ಎರಡು ಅಕ್ಷರ ಅರದಿಂದ ತೀಡಿದಂತೆ ಚಪ್ಪಟೆಯಾಗಿದ್ದವು. ಪಕ್ಕದಲ್ಲಿ ಬೆಸುಗೆಯ ಮಂಕು ಕಲೆ. ಯಾರೋ ಒಂದು ಕಾಲದಲ್ಲಿ ಇದಕ್ಕೆ ಕುಣಿಕೆ ಬೆಸೆದು ಪದಕ ಮಾಡಿಕೊಂಡಿದ್ದರು. ಆಮೇಲೆ ಇನ್ಯಾರೋ ಕುಣಿಕೆ ಕಿತ್ತು, ತೀಡಿ, ಇಡೀ ನಾಣ್ಯವನ್ನು ತಿಕ್ಕಿ ಹೊಳಪಿಸಿದ್ದರು. ಕಾಸಿನ ಸರ ನೋಡುತ್ತಾ ಬೆಳೆದವಳು ನಾನು, ಅಂಚನ್ನು ಒಮ್ಮೆ ತಿರುಗಿಸಿ ನೋಡಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಮಾರಿದವರು ಕೊಡುವಾಗ ಮುಖ, ಬೆನ್ನು ಎರಡನ್ನೂ ತೋರಿಸಿದರು. ಅಂಚು ಮಾತ್ರ ಅವರ ಬೆರಳುಗಳ ನಡುವೆಯೇ ಇತ್ತು.

ಫೋನ್ ಮಾಡಿದೆ. "ನೀವೇ ಕೈಯಲ್ಲಿ ಹಿಡಿದು ನೋಡಿ ಕೊಂಡಿರಿ, ಗ್ರೇಡ್ ಎನ್ನುವುದು ಅವರವರ ಅಭಿಪ್ರಾಯ" ಎಂದರು. ಗ್ರೇಡ್ ಬಗ್ಗೆ ವಾದ ಇರಬಹುದು, ಒಪ್ಪುತ್ತೇನೆ. ಬೆಸುಗೆಯ ಕಲೆ ಅಭಿಪ್ರಾಯ ಅಲ್ಲ. ವ್ಯಾಪಾರಿ ಮಾರಿದ ವಸ್ತು ಅವರು ಕೊಟ್ಟ ವಿವರಣೆಗೆ ಹೊಂದಬೇಕು ಎಂದು ಈ ದೇಶದ 2015ರ ಗ್ರಾಹಕ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ವಿವರಣೆ ಎಲ್ಲಿ? 'ಇಎಫ್' ಎಂದು ಬರೆದಿದ್ದ ರಟ್ಟನ್ನು ಅವರು ತಮ್ಮಲ್ಲೇ ಇಟ್ಟುಕೊಂಡು ನಾಣ್ಯವನ್ನು ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಿದ್ದರು. ರಸೀದಿಯಲ್ಲಿ ಇದ್ದದ್ದು 'ಕ್ರೌನ್ 1, 850' ಅಷ್ಟೆ. ಕೊಟ್ಟದ್ದು ನಗದು. ಹಾಗಾಗಿ ಕೊಳ್ಳುವಾಗ ವರ್ಷ, ಗ್ರೇಡ್, 'ತೊಳೆದಿಲ್ಲ, ಕುಣಿಕೆ ಹಾಕಿದ್ದಿಲ್ಲ' ಎಂಬ ಮಾತು ರಸೀದಿಯಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ನಾಣ್ಯ ಅಲ್ಲೇ ಬಿಟ್ಟು ಎದ್ದು ಬನ್ನಿ. ಆನ್‌ಲೈನಿನಲ್ಲಿ ನಿಗದಿತ ಬೆಲೆಗೆ ವ್ಯಾಪಾರಿಯಿಂದ ಕೊಂಡರೆ ಸಾಮಾನ್ಯವಾಗಿ 14 ದಿನದೊಳಗೆ ವಾಪಸ್ ಮಾಡುವ ಹಕ್ಕಿದೆ, ಖಾಸಗಿಯವರಿಂದ ಕೊಂಡರೆ ಅದಿಲ್ಲ.

ದೊಡ್ಡ ಮೊತ್ತವಾದರೆ ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಸಂಸ್ಥೆಗಳಾದ ಪಿಸಿಜಿಎಸ್, ಎನ್‌ಜಿಸಿಯಂಥವರು ಪರೀಕ್ಷಿಸಿ ಪೆಟ್ಟಿಗೆಯಲ್ಲಿ ಮುಚ್ಚಿಕೊಟ್ಟ ನಾಣ್ಯ ಹುಡುಕುವುದು ಮೇಲು. ತಿಕ್ಕಿದ, ಕುಣಿಕೆ ಕಿತ್ತ ನಾಣ್ಯಕ್ಕೆ ಅವರು ಅಂಕದ ಬದಲು 'ಡೀಟೇಲ್ಸ್' ಎಂದು ಬರೆದು ದೋಷ ಹೆಸರಿಸುತ್ತಾರೆ. ಪೆಟ್ಟಿಗೆಗಳದ್ದೂ ನಕಲಿ ಬರುತ್ತವೆ, ಮೇಲಿರುವ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ ಚಿತ್ರ ತಾಳೆ ನೋಡಿ.

70 ಪೌಂಡಿಗೆ ನಾನು ಅದನ್ನು ಮಾರಲಿಲ್ಲ. ಮಾರಿದರೆ ನಾಳೆ ಇನ್ನೊಂದು ಮೇಜಿನ ಮೇಲೆ ಮತ್ತೆ 'ಇಎಫ್' ಆಗಿ ಕೂರುತ್ತದೆ. ಹೊಸ ರಟ್ಟಿನ ಚೌಕದೊಳಗಿಟ್ಟು, ಅಳಿಸಲಾಗದ ಶಾಯಿಯಲ್ಲಿ ಬರೆದಿಟ್ಟಿದ್ದೇನೆ: '1845 ಕ್ರೌನ್. ವಿಎಫ್‌ಗಿಂತ ಕೆಳಗೆ. ತಿಕ್ಕಿದ್ದು. ಹನ್ನೆರಡು ಗಂಟೆಯ ಜಾಗದಲ್ಲಿ ಕುಣಿಕೆ ಕಿತ್ತ ಗುರುತು.'