ಕೊಳವೋ ಕೆರೆಯೋ ನಾಲೆಯೋ: ಕಡಲಲ್ಲಿ 10 ಕಿ.ಮೀ. ಈಜಲು ಮೈಸೂರು-ಮಂಡ್ಯದಲ್ಲಿ ತಯಾರಾದ ಬಗೆ

ಮೈಸೂರಿನಲ್ಲಿ ಮನೆ, ಮಂಡ್ಯದ ಕಡೆ ತವರು. ಎರಡೂ ಕಡೆ ಸಮುದ್ರವಿಲ್ಲ. ಆದರೂ ಗೋವಾದ ಕಡಲಲ್ಲಿ 10 ಕಿ.ಮೀ. ಈಜಬೇಕು ಅಂತ ಹೆಸರು ಕೊಟ್ಟ ಮೇಲೆ ನೀರು ಹುಡುಕಲೇಬೇಕಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ. ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ, ಊರೂರಿಗೆ ಕೆರೆ, ಕಾವೇರಿ, ಮೇಲೆ ನಾಲೆಗಳ ಜಾಲ. ಎಲ್ಲಿ ಎಷ್ಟು ಈಜಿದರೆ ಕಡಲಿಗೆ ಉಪಯೋಗ ಅನ್ನೋದನ್ನು ನನಗೆ ಯಾರೂ ಸರಿಯಾಗಿ ಹೇಳಲಿಲ್ಲ. ಈಜು ಮುಗಿಸಿ ಬಂದ ಮೇಲೆ ನನ್ನ ತೀರ್ಪು ಇದು: ವಾರಕ್ಕೆ ಮೂರು ನಾಲ್ಕು ದಿನ ಕೊಳ, ಒಂದು ದಿನ ಕೆರೆ. ನಾಲೆ, ನದಿ ಎರಡೂ ಬೇಡ.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಬಾವಿಯಲ್ಲಿ ಕಲಿತವರಿಗೆ ಆಳದ ಭಯ ಇರೋದಿಲ್ಲ, ಅದೊಂದು ದೊಡ್ಡ ಲಾಭ. ಆದರೆ ತಲೆ ಸದಾ ನೀರಿನ ಮೇಲೆ. ತಲೆ ಮೇಲಾದಷ್ಟೂ ಸೊಂಟ ತಗ್ಗುತ್ತದೆ, ಕಾಲು ಇನ್ನೂ ತಗ್ಗುತ್ತದೆ, ಇಡೀ ಮೈ ನೀರಿಗೆ ಅಡ್ಡ ನಿಂತು ತಡೆಯಾಗುತ್ತದೆ. ಬಾವಿಯ ಈ ದಡದಿಂದ ಆ ದಡಕ್ಕೆ ಇದೆಲ್ಲ ಗೊತ್ತೇ ಆಗೋದಿಲ್ಲ. ಎರಡು ಕಿಲೋಮೀಟರ್ ದಾಟುವ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ.

ಈ ಚಾಳಿ ಬಿಡಿಸಿದ್ದು ಕೊಳ. ಅದರ ನೀರು ತಿಳಿ. ನಿಮ್ಮ ಕೈ ಎಲ್ಲಿ ನೀರಿಗೆ ಹೊಗುತ್ತಿದೆ, ಮೊಣಕೈ ಎಲ್ಲಿ ಜಾರುತ್ತಿದೆ ಅಂತ ನಿಮಗೇ ಕಾಣುತ್ತದೆ, ದಡದಲ್ಲಿ ನಿಂತ ಕೋಚ್‌ಗೂ ಕಾಣುತ್ತದೆ. ಗೋಡೆಯ ಮೇಲೆ ಗಡಿಯಾರ ಇರುತ್ತದೆ. 400 ಮೀಟರ್ ಒಮ್ಮೆ, ಸುಧಾರಿಸಿಕೊಂಡು 200 ಮೀಟರ್ ಒಮ್ಮೆ, ಎರಡನ್ನೂ ಮೈಮುರಿದು ಈಜಿ ಸಮಯ ಬರೆದಿಡಿ. ಒಂದರಲ್ಲಿ ಇನ್ನೊಂದು ಕಳೆದು ಅರ್ಧ ಮಾಡಿದರೆ, ಏದುಸಿರು ಬಾರದೆ ಬಹಳ ಹೊತ್ತು ಹಿಡಿದಿಡಬಹುದಾದ ವೇಗದ ಮೇಲಿನ ಗೆರೆ 100 ಮೀಟರಿಗೆ ಎಷ್ಟು ಅಂತ ಸಿಗುತ್ತದೆ. ಬೆಳಗಿನ ಇಂಟರ್ವಲ್‌ಗಳನ್ನೆಲ್ಲ, ಅಂದರೆ ನಡುನಡುವೆ ಬಿಡುವು ಕೊಟ್ಟು ಈಜುವ ತುಂಡುಗಳನ್ನು, ಆ ಲೆಕ್ಕದ ಮೇಲೇ ಕಟ್ಟಬೇಕು. ಕೆರೆಯಲ್ಲಿ ಇದು ಆಗದ ಮಾತು.

ಕೊಳ ಒಂದು ಕಡೆ ಮೋಸ ಮಾಡುತ್ತದೆ, ಗೋಡೆಯಲ್ಲಿ. 25 ಮೀಟರ್ ಕೊಳದಲ್ಲಿ 10 ಕಿ.ಮೀ. ಅಂದರೆ 400 ಸಲ ಈ ಗೋಡೆಯಿಂದ ಆ ಗೋಡೆಗೆ. ಪ್ರತಿ ಸಲ ಕಾಲಲ್ಲಿ ಒದ್ದಾಗ ಒಂದಷ್ಟು ಮೀಟರ್ ಪುಕ್ಕಟೆ, ಭುಜಕ್ಕೆ ಒಂದು ಕ್ಷಣ ಬಿಡುವು. ಅದಕ್ಕೇ ಸಾಧ್ಯವಾದರೆ 50 ಮೀಟರ್ ಕೊಳವನ್ನೇ ಹುಡುಕಿ. ತಳದಲ್ಲಿ ಎಳೆದ ಕಪ್ಪು ಗೆರೆ ಇನ್ನೊಂದು ಊರುಗೋಲು. ಅದನ್ನೇ ನೋಡಿಕೊಂಡು ಈಜುವವರಿಗೆ ತಮ್ಮ ಮೈ ಯಾವ ಕಡೆ ಎಳೆಯುತ್ತದೆ ಅಂತ ಗೊತ್ತೇ ಇರೋದಿಲ್ಲ.

ಕೆರೆಗೆ ಇಳಿದ ದಿನ ಅದು ಗೊತ್ತಾಯಿತು. ತವರಿನ ಕೆರೆಯ ನೀರು ಕೆಂಪು ಮಣ್ಣಿನದು, ಮುಂದೆ ಚಾಚಿದ ನನ್ನ ಅಂಗೈ ನನಗೇ ಕಾಣದು. ಜೊತೆಗೆ ಮೀನು ಹಿಡಿಯುವವರೊಬ್ಬರು ತೆಪ್ಪದಲ್ಲಿ ಬರುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೂಗಿದರು, “ಅಕ್ಕೋ, ಏರಿ ಕಡೆಗೋಯ್ತಾ ಇದೀರ, ತೂಬು ಆ ಕಡೆ!” ಬಲಗೈ ಎಡಗೈಗಿಂತ ಜೋರು, ಜೊತೆಗೆ ನಾನು ಉಸಿರು ತೆಗೆಯುತ್ತಿದ್ದುದು ಒಂದೇ ಪಕ್ಕಕ್ಕೆ. ಹಾಗಾಗಿ ದಾರಿ ಬಿಲ್ಲಿನಂತೆ ಬಾಗುತ್ತಿತ್ತು. ತೆರೆದ ನೀರಿನಲ್ಲಿ ನೂರು ಮೀಟರಿಗೆ ಐದು ಮೀಟರ್ ವ್ಯರ್ಥ ಸುತ್ತಿದರೂ 10 ಕಿ.ಮೀ. ಮುಗಿಯುವಷ್ಟರಲ್ಲಿ ಅರ್ಧ ಕಿಲೋಮೀಟರ್ ಹೆಚ್ಚಿಗೆ ಈಜಿರುತ್ತೀರಿ.

ಹಾಗಾಗಿ ಕೆರೆಯಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಗುರಿ ನೋಡುವುದು. ಎಂಟು ಹತ್ತು ಕೈಗೊಮ್ಮೆ ಕಣ್ಣು ಮಾತ್ರ ನೀರಿನಿಂದ ಮೇಲೆ ಬರುವಷ್ಟು ತಲೆ ಎತ್ತಿ, ದೂರದ ತೆಂಗಿನ ಮರವನ್ನೋ ಗುಡಿಯ ಗೋಪುರವನ್ನೋ ಹಿಡಿದುಕೊಂಡು, ಆಮೇಲೆ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಉಸಿರು ತೆಗೆಯಬೇಕು. ಮುಂದೆ ನೋಡುತ್ತಲೇ ಉಸಿರು ತೆಗೆಯಲು ಹೋದರೆ ಸೊಂಟ ಮುಳುಗಿ ಹಳೆಯ ಬಾವಿ ಈಜೇ ವಾಪಸ್ಸು. ಗುರಿಗೆ ಎತ್ತರದ, ಅಲುಗದ ವಸ್ತುವೇ ಆಗಬೇಕು. ಒಮ್ಮೆ ದಡದಲ್ಲಿ ನಿಂತ ಎಮ್ಮೆಯನ್ನು ಗುರಿ ಇಟ್ಟುಕೊಂಡಿದ್ದೆ, ಮುಂದಿನ ಸಲ ನೋಡುವಾಗ ಅದು ಇರಲಿಲ್ಲ.

ಕೆರೆಯಲ್ಲಿ ನನ್ನ ವೇಗ ಕೊಳಕ್ಕಿಂತ ನೂರು ಮೀಟರಿಗೆ ಹದಿನೈದು ಇಪ್ಪತ್ತು ಸೆಕೆಂಡ್ ಕಡಿಮೆ. ಮೊದಮೊದಲು ಬೇಜಾರಾಗುತ್ತದೆ, ಆದರೆ ಕಡಲಿನ ಲೆಕ್ಕಕ್ಕೆ ಅದೇ ನಿಜವಾದ ವೇಗ. 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ ಈ 10 ಕಿ.ಮೀ. ಈಜು ಅಲ್ಲೂ ಇದೆ. ಅಲ್ಲಿನವರು ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ. ನನಗೆ ನಾಲ್ಕು ಗಂಟೆಯ ಮೇಲೆ ಬೇಕು ಅಂತ ಕೆರೆ ಮೊದಲೇ ಹೇಳಿತ್ತು. ಕೊಳದ ಲೆಕ್ಕ ನಂಬಿದ್ದರೆ ಊಟದ ಲೆಕ್ಕವೂ ತಪ್ಪುತ್ತಿತ್ತು.

ಕೆರೆಯ ಕಷ್ಟಗಳೂ ಇವೆ. ಮೀನಿನ ಗುತ್ತಿಗೆ ಹಿಡಿದವರನ್ನು ಕೇಳದೆ ಇಳಿಯಬೇಡಿ. ಜಗಳ ಆಗುತ್ತದೆ ಅಂತಲ್ಲ, ರಾತ್ರಿ ಬಿಟ್ಟ ಬಲೆ ಎಲ್ಲಿದೆ ಅಂತ ಅವರಿಗೆ ಮಾತ್ರ ಗೊತ್ತು. ಜೊಂಡು, ಅಂತರಗಂಗೆ ಇರುವ ಅಂಚು ಬಿಟ್ಟು ತೂಬಿನ ಕಡೆಯ ಆಳದ ನೀರಲ್ಲಿ ಈಜಿ. ಊರಿನ ಚರಂಡಿ ಬಂದು ಸೇರುವ ಕೆರೆಯಾದರೆ ಇಳಿಯಲೇಬೇಡಿ, ಎಷ್ಟೇ ತುಂಬಿ ತುಳುಕುತ್ತಿದ್ದರೂ ಸರಿ. ಬಿಸಿಲೇರಿದ ಮೇಲೆ ಗಾಳಿ ಎದ್ದು ಸಣ್ಣ ಅಲೆ ಬರುತ್ತದೆ. ಅದು ಒಳ್ಳೆಯದೇ, ಕಡಲಿಗೆ ಅಷ್ಟಾದರೂ ಅಭ್ಯಾಸ. ತೆಪ್ಪ ಜೊತೆಗಿಲ್ಲದೆ, ಸೊಂಟಕ್ಕೆ ಕಟ್ಟಿ ಎಳೆದುಕೊಂಡು ಹೋಗುವ ಕಿತ್ತಳೆ ಬಣ್ಣದ ಗಾಳಿಚೀಲ ಇಲ್ಲದೆ ನಾನು ಒಂದು ದಿನವೂ ಇಳಿದಿಲ್ಲ.

ಹೆಂಗಸರಿಗೆ ಇನ್ನೊಂದು ಲೆಕ್ಕ ಇದೆ. ಕೊಳದಲ್ಲಿ ಲೇಡೀಸ್ ಬ್ಯಾಚ್ ಅಂತ ಹೊತ್ತು ಗೊತ್ತುಮಾಡಿರುತ್ತಾರೆ, ಆ ಹೊತ್ತಿನಲ್ಲಿ ನಾಲ್ಕು ಕಿಲೋಮೀಟರ್ ಮುಗಿಸುವುದು ಕಷ್ಟ. ಕೆರೆಯಲ್ಲಿ ಹೊತ್ತಿನ ಮಿತಿ ಇಲ್ಲ, ಆದರೆ ಏರಿಯ ಮೇಲೆ ಜನ ಸೇರುತ್ತಾರೆ. ನಾನು ಮೊಣಕಾಲು, ಮೊಣಕೈ ಮುಚ್ಚುವ ಈಜುಡುಗೆಗೆ ಬದಲಾದೆ. ನೋಡುವವರಿಗಾಗಿ ಅಂತ ಶುರುವಾದದ್ದು ಬಿಸಿಲಿಗೂ ಆಯಿತು. 1959ರಲ್ಲಿ ಆರತಿ ಸಾಹಾ ಇಂಗ್ಲಿಷ್ ಕಡಲ್ಗಾಲುವೆ ದಾಟಿದರಲ್ಲ, ಏಷ್ಯಾದ ಹೆಂಗಸರಲ್ಲಿ ಮೊದಲಿಗರಾಗಿ, ಆ ನೀರಿನ ನಿಯಮದಲ್ಲಿ ತೋಳು ಮುಚ್ಚುವ ಉಡುಗೆ ನಡೆಯೋದಿಲ್ಲ. ಹೆಸರು ಕೊಡುವ ಮೊದಲು ನಿಮ್ಮ ಈಜಿನ ಆಯೋಜಕರು ಯಾವ ಉಡುಗೆ ಒಪ್ಪುತ್ತಾರೆ ಅಂತ ಕೇಳಿಬಿಡಿ.

ಇನ್ನು ನಾಲೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ದೊಡ್ಡ ಮೈಗೆ ನಾನು ಇಳಿದಿಲ್ಲ, ಇಳಿಯೋದೂ ಇಲ್ಲ. 2018ರಲ್ಲಿ ಕನಗನಮರಡಿ ಬಳಿ ಬಸ್ಸು ಬಿದ್ದು ಮೂವತ್ತು ಜನ ಹೋದ ಮೇಲೆ ಆ ನೀರಿನ ಬಗ್ಗೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎದೆಮಟ್ಟದ ಉಪನಾಲೆಯಲ್ಲಿ, ದಡದಲ್ಲಿ ಹಗ್ಗ ಹಿಡಿದು ತಮ್ಮ ನಿಂತಿರುವಾಗ ಈಜಿ ನೋಡಿದೆ. ಹರಿವಿನ ಜೊತೆ ಹೋದರೆ ಕೈಗಡಿಯಾರ ಒಲಿಂಪಿಕ್ ವೇಗ ತೋರಿಸುತ್ತದೆ, ಎದುರು ಈಜಿದರೆ ಇದ್ದಲ್ಲೇ ಇರುತ್ತೀರಿ. ಎರಡರಿಂದಲೂ ನಿಮ್ಮ ವೇಗ ನಿಮಗೆ ತಿಳಿಯದು. ಸಿಮೆಂಟಿನ ಇಳಿಜಾರಿನ ಮೇಲೆ ಪಾಚಿ, ಹತ್ತಲು ಹಿಡಿ ಸಿಗದು. ಕಟ್ಟು ನೀರು, ಅಂದರೆ ಸರದಿಯ ನೀರು, ಬಿಟ್ಟ ದಿನ ಮಟ್ಟವೇ ಬೇರೆ. ನದಿಯ ಮಾತು ಇನ್ನೂ ಚಿಕ್ಕದು: ರಂಗನತಿಟ್ಟಿನ ಆಸುಪಾಸು ಮೊಸಳೆ, ಬಲಮುರಿ-ಎಡಮುರಿಯಲ್ಲಿ ಸುಳಿ, ಮರಳು ತೆಗೆದ ಕಡೆ ಗುಂಡಿ. ಸ್ನಾನಕ್ಕೆ ಸರಿ, ಅದೂ ಮೆಟ್ಟಿಲ ಹತ್ತಿರ.

ಊಟದ ಹೋಲಿಕೆಗೆ ನಾನು ಹೆಚ್ಚು ಸಮಯ ಕೊಟ್ಟೆ, ಯಾಕೆಂದರೆ ನಾಲ್ಕು ಗಂಟೆ ಈಜುವವರ ಕೈ ಬೀಳುವುದಕ್ಕಿಂತ ಮೊದಲು ಹೊಟ್ಟೆ ಕೈಕೊಡುತ್ತದೆ. ಅರ್ಧ ಗಂಟೆಗೊಮ್ಮೆ ಏನಾದರೂ ಒಳಗೆ ಹೋಗಬೇಕು, ಜೊತೆಗೆ ಬರುವ ದೋಣಿ ಮುಟ್ಟುವ ಹಾಗಿಲ್ಲ, ಹಗ್ಗ ಕಟ್ಟಿದ ಬಾಟಲಿ ಎಸೆಯುತ್ತಾರೆ, ಕಾಲಾಡಿಸುತ್ತಲೇ ಕುಡಿದು ಬಿಡಬೇಕು. ರಾಗಿ ಅಂಬಲಿಯ ಮೇಲೆ ನನಗೆ ಬಹಳ ನಂಬಿಕೆ ಇತ್ತು. ದಡದಲ್ಲಿ ಕುಡಿದು ಇಳಿಯುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ನೀರಿನ ನಡುವೆ ಮಾತ್ರ ಅಂಬಲಿ ಬಾಟಲಿಯ ತಳಕ್ಕೆ ಇಳಿದು ಕೂರುತ್ತದೆ, ಮಲಗಿ ಈಜುವಾಗ ಗಂಟಲಿಗೆ ಬರುತ್ತದೆ. ಎಳನೀರು ಸಲೀಸು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಲ್ಲಿ ಹೋಗುವ ಉಪ್ಪು ಕಡಿಮೆ, ಸಕ್ಕರೆಯೂ ಸಾಲದು. ಅಂಗಡಿಯ ಜೆಲ್ ಕೆರೆಯಲ್ಲಿ ಚೆನ್ನ. ಬಾಯಿ ಉಪ್ಪಾದ ಮೇಲೆ ಅದರ ಅಂಟು ಸಿಹಿ ವಾಕರಿಕೆ ತರಿಸುತ್ತದೆ. ಗೆದ್ದದ್ದು ಮಂಡ್ಯದ ಬೆಲ್ಲದ ಪಾನಕ: ನಿಂಬೆ ಹುಳಿ, ಶುಂಠಿ, ಒಂದು ಚಿಟಿಕೆ ಜಾಸ್ತಿಯೇ ಉಪ್ಪು, ಎರಡು ಸಲ ಸೋಸಿದ್ದು. ಮೂರನೇ ಗಂಟೆಯಿಂದ ಜೊತೆಗೆ ಮಾಗಿದ ಬಾಳೆಹಣ್ಣಿನ ತುಂಡು.

ಕಂಕುಳು, ಕತ್ತು, ಪಟ್ಟಿ ಉಜ್ಜುವ ಕಡೆಗೆ ಕೊಬ್ಬರಿ ಎಣ್ಣೆ, ಹರಳೆಣ್ಣೆ, ವ್ಯಾಸಲೀನ್ ಮೂರನ್ನೂ ಹಚ್ಚಿ ನೋಡಿದೆ. ಕೊಬ್ಬರಿ ಎಣ್ಣೆ ಬೇಗ ತೊಳೆದುಹೋಗುತ್ತದೆ, ಹರಳೆಣ್ಣೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಕೊನೆವರೆಗೂ ಉಳಿದದ್ದು ವ್ಯಾಸಲೀನ್. ಬೇರೆಯವರ ಕೈಯಲ್ಲಿ ಹಚ್ಚಿಸಿಕೊಳ್ಳಿ. ನಿಮ್ಮ ಬೆರಳಿನ ಜಿಡ್ಡು ಕನ್ನಡಕಕ್ಕೆ ತಾಗಿದರೆ ನಾಲ್ಕು ಗಂಟೆಯೂ ಮಂಜು.

ಕಡಲಲ್ಲಿ ಯಾವುದು ಎಷ್ಟು ಕೆಲಸಕ್ಕೆ ಬಂತು? ಉಪ್ಪು ನೀರು ಮೈಯನ್ನು ಕೆರೆಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತದೆ, ಸೊಂಟದ ಚಿಂತೆ ಅರ್ಧ ಕಡಿಮೆ. ಹೊರಳುವ ಅಲೆಯ ಮೇಲೆ ಗುರಿ ನೋಡುವಾಗ ಮಾತ್ರ ಅಲೆ ಎತ್ತಿದ ಕ್ಷಣವನ್ನೇ ಕಾಯಬೇಕು. ತಗ್ಗಿನಲ್ಲಿ ತಲೆ ಎತ್ತಿದರೆ ನೀರೇ ಕಾಣುತ್ತದೆ. ಅದನ್ನು ಕೆರೆಯೂ ಕಲಿಸಲಿಲ್ಲ, ಕೊಳವೂ ಕಲಿಸಲಿಲ್ಲ. ಎರಡು ದಿನ ಮುಂಚೆಯೇ ಹೋಗಿ ದಡದ ಹತ್ತಿರ ಅಭ್ಯಾಸ ಮಾಡಿದ್ದಕ್ಕೆ ಬಚಾವಾದೆ. ಎರಡೂ ಪಕ್ಕಕ್ಕೆ ಉಸಿರು ತೆಗೆಯುವ ಅಭ್ಯಾಸ ಕೊಳದ್ದು. ಬಲದಿಂದ ಅಲೆ ಬಡಿಯಲು ಶುರುವಾದಾಗ ಎಡಕ್ಕೆ ತಿರುಗಿದೆ, ಅಷ್ಟೇ. ಏಳನೇ ಕಿಲೋಮೀಟರ್ ಆಸುಪಾಸಿನಲ್ಲಿ ಕೆಳಗೆ ಏನೂ ಕಾಣದೆ, ಪಕ್ಕದಲ್ಲಿ ಯಾರೂ ಇಲ್ಲದೆ ಈಜುವಾಗ ಮನಸ್ಸು ಅಲುಗದೆ ಇದ್ದದ್ದು ಪೂರ್ತಿ ಕೆರೆಯ ಪುಣ್ಯ.

ಏಪ್ರಿಲ್-ಮೇನಲ್ಲಿ ನಮ್ಮ ಕೆರೆಗಳ ತಳ ಕಾಣುತ್ತದೆ, ಉಳಿದ ನೀರೂ ಕಾದುಬಿಡುತ್ತದೆ. ಈಜಿನ ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಅಕ್ವಾಟಿಕ್ಸ್ ತೆರೆದ ನೀರಿನ ಸ್ಪರ್ಧೆಗೆ 16ರಿಂದ 31 ಡಿಗ್ರಿ ಅಂತ ಮಿತಿ ಹಾಕಿದೆ, ಬಿಸಿ ನೀರಲ್ಲಿ ದೂರ ಈಜುವುದು ತಣ್ಣೀರಿನಷ್ಟೇ ಅಪಾಯ. ಆ ತಿಂಗಳುಗಳಲ್ಲಿ ಕೊಳವೇ ಗತಿ. ಖಾಲಿ ಲೇನ್ ಸಿಕ್ಕಾಗ ಕಣ್ಣು ಮುಚ್ಚಿ ಎಂಟು ಕೈ ಈಜಿ, ಕಣ್ಣು ಬಿಟ್ಟು ಯಾವ ಕಡೆಯ ಹಗ್ಗಕ್ಕೆ ಹತ್ತಿರವಾದಿರಿ ನೋಡಿ. ಗೋಡೆ ಒದೆಯದೆ, ತಳದ ಕಪ್ಪು ಗೆರೆ ಮುಗಿಯುವ ಟಿ ಗುರುತಿನ ಹತ್ತಿರವೇ ತಿರುಗಿ ಹೊರಡಿ. ಮಳೆ ಬಿದ್ದು ಕೆರೆ ತುಂಬಿದರೂ ಮೊದಲ ಕೆಲವು ವಾರ ಕೊಚ್ಚಿ ಬಂದ ಕಸ ತಂಗುವವರೆಗೆ ಕಾಯಿರಿ, ಆಮೇಲೆ ತೆಪ್ಪದವರಿಗೆ ಫೋನ್ ಮಾಡಿ.