ರೆಡ್ ಬುಲ್ 250 ಮಿ.ಲೀ.: ಕುಡಿಯುವ ಮುನ್ನ ಡಬ್ಬಿಯ ಹಿಂಬದಿ ಓದಿ

ರೆಡ್ ಬುಲ್ ಎನರ್ಜಿ ಡ್ರಿಂಕ್‌ನ ನೀಲಿ-ಬೆಳ್ಳಿ ಬಣ್ಣದ ಈ ಸಪೂರ ಡಬ್ಬಿಯನ್ನು ಕೂಲ್ ಡ್ರಿಂಕ್ಸ್ ಸಾಲಿನಲ್ಲಿ ಇಡುತ್ತಾರೆ. ಆದರೆ ಅಳೆಯಬೇಕಾದದ್ದು ಔಷಧಿಯ ಲೆಕ್ಕದಲ್ಲಿ. ಹಲವು ದೇಶಗಳಲ್ಲಿ ಈ ಡಬ್ಬಿಯೊಳಗೆ 80 ಮಿ.ಗ್ರಾಂ ಕೆಫೀನ್ ಇರುತ್ತದೆ. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ ಇಂಥ ಪಾನೀಯದ ಒಂದು ಲೀಟರಿಗೆ 300 ಮಿ.ಗ್ರಾಂ ದಾಟುವಂತಿಲ್ಲ; ಅಂದರೆ 250 ಮಿ.ಲೀ.ಗೆ ಹೆಚ್ಚೆಂದರೆ 75.

ಇದು ಭಾರೀ ಪ್ರಮಾಣವೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ, ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 300. ಹಾಗಾಗಿ ಬೆಳಿಗ್ಗೆಯಿಂದ ಎರಡು ಸ್ಟ್ರಾಂಗ್ ಕಾಫಿ ಇಳಿಸಿದವರು ಸಂಜೆ ಈ ಡಬ್ಬಿ ಒಡೆದರೆ ಮಿತಿಯ ಅಂಚಿಗೆ ಬಂದಿರುತ್ತಾರೆ. ತೊಂದರೆಯೆಂದರೆ, ಬಿಸಿ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತೇವೆ. ತಣ್ಣಗಿನ ಈ ಸಿಹಿ ನೀರು ಎರಡೇ ನಿಮಿಷದಲ್ಲಿ ಖಾಲಿ.

ರುಚಿಗೆ ಅರ್ಧ ಅಂಕ. ಮುಚ್ಚಳ ಎತ್ತಿದೊಡನೆ ಚೂಯಿಂಗ್ ಗಮ್ ಮತ್ತು ಕೆಮ್ಮಿನ ಸಿರಪ್ಪು ಬೆರೆತಂಥ ವಾಸನೆ, ನಾಲಿಗೆಗೆ ಹುಳಿ-ಸಿಹಿ. ಫ್ರಿಜ್‌ನಿಂದ ತೆಗೆದು ಹದಿನೈದು ನಿಮಿಷ ಬಿಟ್ಟರೆ ಸಿಹಿಯೇ ಮುಂದೆ ಬಂದು ಬಾಯಿಗೆ ಅಂಟುತ್ತದೆ. ಸಕ್ಕರೆ ಸುಮಾರು 27 ಗ್ರಾಂ, ಐದು ಚಮಚಕ್ಕಿಂತ ಜಾಸ್ತಿ. ಮಧುಮೇಹ ಇದ್ದವರಿಗೆ ಇಷ್ಟು ಗೊತ್ತಾದರೆ ಸಾಕು. ಹುಳಿಯಿಂದ ಹಲ್ಲಿನ ಎನಾಮೆಲ್ ಮೆತ್ತಗಾಗುವುದರಿಂದ ಕುಡಿದ ಕೂಡಲೇ ಹಲ್ಲುಜ್ಜಬೇಡಿ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಡಿ.

ಟಾರಿನ್ ಎಂಬ ಅಮೈನೋ ಆಮ್ಲವೂ ಸುಮಾರು 1 ಗ್ರಾಂ ಇದೆ. 1827ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ, ಹೆಸರೂ ಅಲ್ಲಿಂದಲೇ ಬಂತು. ಇವತ್ತು ಡಬ್ಬಿಗೆ ಬೀಳುವುದು ಕಾರ್ಖಾನೆಯಲ್ಲಿ ತಯಾರಾದದ್ದು. ನಿದ್ದೆ ಓಡಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಕೆಫೀನ್ ಒಂದೇ.

ನಿದ್ದೆ ಓಡಿಸುವ ಸರಕಿನ ಕಥೆ ಹಳೆಯದು. ಜಪಾನಿನಲ್ಲಿ 1941ರಿಂದ ಮೆಥಾಂಫೆಟಮಿನ್ ಎಂಬ ಉತ್ತೇಜಕ ಮಾದಕದ ಮಾತ್ರೆ ‘ಹಿರೋಪಾನ್’ ಎಂಬ ಹೆಸರಲ್ಲಿ ಮಾರಾಟವಾಗುತ್ತಿತ್ತು. ಯುದ್ಧದ ನಂತರ ಚಟ ಊರಿಗೆಲ್ಲ ಹಬ್ಬಿ, 1951ರಲ್ಲಿ ಕಾನೂನು ತಂದು ಬಿಗಿ ಮಾಡಬೇಕಾಯಿತು. 1962ರಲ್ಲಿ ಅಲ್ಲಿ ಲಿಪೊವಿಟಾನ್ ಡಿ ಎಂಬ ಟಾರಿನ್ ಟಾನಿಕ್ ಬಂತು. 1970ರ ದಶಕದಲ್ಲಿ ಥಾಯ್ಲೆಂಡಿನ ಕ್ರಾಟಿಂಗ್ ಡೇಂಗ್ ಲಾರಿ ಚಾಲಕರ, ಕೂಲಿಯವರ ಪಾನೀಯವಾಯಿತು. ಅದಕ್ಕೇ ಗ್ಯಾಸ್ ತುಂಬಿ 1987ರಲ್ಲಿ ಆಸ್ಟ್ರಿಯಾದಲ್ಲಿ ರೆಡ್ ಬುಲ್ ಎಂದು ಮಾರತೊಡಗಿದರು. ಮೆಥಾಂಫೆಟಮಿನ್ ಹುರುಪು ಕೊಡುವ ಮಿದುಳಿನ ರಾಸಾಯನಿಕ ಡೋಪಮಿನ್‌ನ ದಾಸ್ತಾನನ್ನೇ ಹೊರಗೆ ಸುರಿಸುತ್ತದೆ. ಕೆಫೀನ್ ಅಷ್ಟು ಕ್ರೂರಿಯಲ್ಲ. ದಣಿವಾಗಿದೆ ಎಂದು ಹೇಳುವ ಅಡಿನೋಸಿನ್ ಬಂದು ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ, ಅಷ್ಟೆ. ದಣಿವು ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ.

ಆದ್ದರಿಂದ ಹೊತ್ತು ನೋಡಿ ಕುಡಿಯುವುದೇ ಮುಖ್ಯ. ಅರ್ಧದಿಂದ ಒಂದು ಗಂಟೆಯಲ್ಲಿ ಪರಿಣಾಮ ಏರುತ್ತದೆ, ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ 75ರಲ್ಲಿ ರಾತ್ರಿ 11ಕ್ಕೆ ಸುಮಾರು 37 ಮಿ.ಗ್ರಾಂ ದೇಹದಲ್ಲೇ ಇರುತ್ತದೆ. ಗರ್ಭಿಣಿಯರಲ್ಲಿ ಇಳಿಯುವುದು ಇನ್ನೂ ನಿಧಾನ. ಸಿಪ್ರೊಫ್ಲಾಕ್ಸಸಿನ್ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರಲ್ಲೂ ಹಾಗೆಯೇ. ಆ ಕೋರ್ಸ್ ಮುಗಿಯುವ ತನಕ ಮುಟ್ಟಬೇಡಿ. ರಾತ್ರಿ ಗಾಡಿ ಓಡಿಸುವವರು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಡಬ್ಬಿ ಕುಡಿದು, ಸೀಟು ಹಿಂದಕ್ಕೆ ಮಾಡಿ 15-20 ನಿಮಿಷ ಕಣ್ಣು ಮುಚ್ಚಿ. ಏಳುವ ಹೊತ್ತಿಗೆ ಕೆಫೀನ್ ಏರುತ್ತಿರುತ್ತದೆ. ಅದು ಒಂದೆರಡು ಗಂಟೆಯ ಆಸರೆ ಮಾತ್ರ, ಬೆಳಗಿನ ತನಕ ಓಡಿಸಲು ಅನುಮತಿಯಲ್ಲ.

ಮದ್ಯದ ಜೊತೆ ಬೆರೆಸುವುದಂತೂ ಬೇಡವೇ ಬೇಡ. ರಕ್ತದ ಮದ್ಯದ ಮಟ್ಟ ಒಂದಿಷ್ಟೂ ಇಳಿಯುವುದಿಲ್ಲ, ಅಮಲೇರಿದ್ದು ಮಾತ್ರ ತಿಳಿಯುವುದಿಲ್ಲ. ಹಾಗಾಗಿಯೇ ಇನ್ನೊಂದು ಪೆಗ್ ಏರುತ್ತದೆ, ಬೈಕಿನ ಕೀಲಿಯೂ ಕೈಗೆ ಬರುತ್ತದೆ.

ಮಕ್ಕಳ ಕೈಗೆ ಕೊಡುವ ಮುನ್ನ ಒಂದು ಗುಣಾಕಾರ ಮಾಡಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದ್ದು, ದೇಹತೂಕದ ಕೆ.ಜಿ.ಗೆ ದಿನಕ್ಕೆ 3 ಮಿ.ಗ್ರಾಂ. 20 ಕೆ.ಜಿ. ಮಗುವಿಗೆ 60 ಆಯಿತು, ಒಂದೇ ಡಬ್ಬಿ ಅದನ್ನು ದಾಟಿತು. ‘ಮಕ್ಕಳಿಗಲ್ಲ’ ಎಂದು ಡಬ್ಬಿಯಲ್ಲೇ ಅಚ್ಚಾಗಿದ್ದರೂ ಅಕ್ಷರ ಇರುವೆ ಗಾತ್ರದ್ದು. ಪೋಲೆಂಡ್ 2024ರ ಜನವರಿಯಿಂದ 18ರ ಒಳಗಿನವರಿಗೆ ಇಂಥವುಗಳ ಮಾರಾಟವನ್ನೇ ನಿಲ್ಲಿಸಿದೆ. ನಮ್ಮ ಶಾಲೆಗಳ ಎದುರಿನ ಅಂಗಡಿಗಳಿಗೂ ಅಂಥ ನಿಯಮ ಬರಬೇಕು.

ಆರೋಗ್ಯವಂತ ವಯಸ್ಕರಿಗೆ ಅಪರೂಪಕ್ಕೆ, ಮಧ್ಯಾಹ್ನ 2ರ ಒಳಗೆ, ಒಂದೇ ಡಬ್ಬಿಯಾದರೆ ಅಡ್ಡಿಯಿಲ್ಲ. ಬಿಪಿ ಅಥವಾ ಎದೆಬಡಿತದ ಏರುಪೇರು ಇದ್ದವರು ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಕುಡಿದ ಮೇಲೆ ಎದೆನೋವು, ನಿಲ್ಲದ ಎದೆಬಡಿತ ಅಥವಾ ತಲೆಸುತ್ತಿ ಬೀಳುವುದು ಕಂಡರೆ ಮಜ್ಜಿಗೆ, ನಿಂಬೆರಸ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ, ಕೆಲವರಿಗೆ ವಾರದ ತನಕ ಕಾಡುತ್ತದೆ. ಮೂರು ದಿನಕ್ಕೊಮ್ಮೆ ಅರ್ಧರ್ಧ ಡಬ್ಬಿ ಕಡಿಮೆ ಮಾಡುತ್ತಾ ಬನ್ನಿ.